ಮಾಬುಸಾಬಣ್ಣ ಕೊಟ್ಟ ದಿನ

ಮಾಗಳದ ಅಣ್ಣತಮ್ಮರ ರೈತ ಕೂಟದ ಮನೆಯಲ್ಲಿ ಅಂದು ಸಂಜೆ ಕೊನೆಯ ಸಭೆ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಉಳಿದ ಆರು ಸದಸ್ಯರಲ್ಲಿ ನಾಲ್ವರು ಸಂಬಳದ ಕೆಲಸಕ್ಕೆ ಹೋಗುವವರು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಲು ಯಾರಿಗೂ ಬಿಡುವಿಲ್ಲ. ಕೂಟ ಮುಚ್ಚುವ ಠರಾವನ್ನು ಕಾರ್ಯದರ್ಶಿ ಭೀಮೇಶ್ ಮೇಷ್ಟ್ರು ಬರೆದಿಟ್ಟಿದ್ದರು. ಸಹಿಗೆ ಮುನ್ನ ಎರಡು ಮಾತಾಡಲು ಹಿರಿಯಳಾದ ಗಾಳೆಮ್ಮನನ್ನು ಕರೆಸಿದ್ದರು.

ಗಾಳೆಮ್ಮ ಗೋಡೆಗೆ ಒರಗಿ ಕೂತು ಆ ಮನೆಯ ಹಸಿ ಮಣ್ಣಿನ ವಾಸನೆ ಎಳೆದುಕೊಂಡಳು. ಎದುರಿಗಿದ್ದ ಮೆಕ್ಯಾನಿಕ್ ಅಕೀಲನ ಗದ್ದ ಥೇಟ್ ಅವನ ಅಜ್ಜನದೇ.

"ನಾನು ಸೊಸಿಯಾಗಿ ಬಂದ ವರ್ಷ ಕಟ್ಟಿದ ಕೂಟ ಇದು... ಹತ್ತು ಮಂದಿ ತಂತಮ್ಮ ಹೊಲದ ಮಣ್ಣು ಬೊಗಸಿಯಾಗ ಹಿಡ್ಕಂಡು, ಯಾರು ಹಾಸಿಗಿ ಹಿಡಿದ್ರೂ ಅವನ ಹೊಲದ ಕೆಲಸ ನಾವು ಮಾಡತೀವಿ ಅಂತ ಆಣಿ ಮಾಡಿದ್ರು. ಹನ್ನೊಂದನೆಯವ ಮಾಬುಸಾಬಣ್ಣ, ಈ ಅಕೀಲನ ಅಜ್ಜ. ಬಿತ್ತೋ ಕೂರಿಗಿ ಮಾಡೋ ಬಡಿಗಿ, ಎಡಭುಜ ಇಳಿಬಿಟ್ಟು ನಡಿಯೋನು, ತುಂಡು ಹೊಲ ಇಲ್ಲ. ಯಾವ ಮಣ್ಣು ಹಿಡಿಬೇಕು ಹೇಳ್ರಿ? ನಮ್ಮನಿಯವ್ರು ತಮ್ಮ ಬೊಗಸಿಯಾಗಿಂದು ಅರ್ಧ ಅವನ ಕೈಗೆ ಸುರಿದ್ರು. ಅಣ್ಣ ಅತ್ತುಬಿಟ್ಟ...

"ಹತ್ತು ವರ್ಷದ ಮ್ಯಾಲೆ, ಬಿತ್ತಾಕ ಬೇಕಾದ ಮಿರಗದ ಮಳಿಗೆ ಮುಂಚೆ, ಬಂಡಿ ಮಗುಚಿ ನಮ್ಮನಿಯವ್ರ ಕಾಲು ಮುರೀತು. ಮಾಬುಸಾಬಣ್ಣ ನೋಡಾಕ ಬಂದು, 'ಮೈಲಪ್ಪ, ನಿನ್ನ ಹೊಲದಾಗ ನಂದೂ ಒಂದು ದಿನ ಐತಿ, ಮಳಿ ಬರಲಿ' ಅಂದ. ಮಳಿಗಿಂತ ಮುಂಚೆ ಅವನೇ ಹೋದ, ಎದಿನೋವು ಬಂದು. ಕೂಟದೋರೆಲ್ಲ ಮಣ್ಣು ಕೊಟ್ಟು ಬಂದ್ರು.

"ಎಂಟು ದಿನಕ್ಕ ಮಳಿ ಆತು. ಒಂಬತ್ತು ಮಂದಿ ಮೂರು ಕೂರಿಗಿ ಹೂಡ್ಕಂಡು ನಮ್ಮ ಹೊಲಕ್ಕ ಹೋದ್ರು. ಮಧ್ಯಾಹ್ನ ಬುತ್ತಿ ಹೊತ್ಕಂಡು ಬದುವಿನ ಮ್ಯಾಲೆ ನಿಂತು ನೋಡ್ತೀನಿ... ಕೂರಿಗಿ ನಾಕು ಅದಾವ. ಮೂರರ ಎತ್ತಿನ ಗೆಜ್ಜಿ ಕೇಳತಾವ, ಹಳ್ಳದ ಕಡಿ ನಡಿಯೋದಕ್ಕ ಸಪ್ಪಳನ ಇಲ್ಲ. ಅದರ ಹಿಂದಿನವ ಎಡಭುಜ ಇಳಿಬಿಟ್ಟು ನಡಿಯೋದು ಕಂಡು, ರೂಢಿ ನೋಡ್ರಿ, 'ಮಾಬುಸಾಬಣ್ಣ, ಉಣ್ಣಾಕ ಬರ್ರಿ' ಅಂತ ಕೂಗಿದೆ. ಅವ ನಿಂತ. ತಿರುಗಲಿಲ್ಲ. ಇನ್ನೊಂದು ಸಾಲು ಅಂದಂಗ ಕೈ ಎತ್ತಿದ... ಆಮ್ಯಾಲೆ ನೆನಪಾತು ನನಗ. ಬುತ್ತಿ ಜಾರಿ ಬಿತ್ತು. ಮಂದಿ ಓಡಿ ಬಂದು ನೋಡಿದ್ರ ಅಲ್ಲಿ ಯಾರೂ ಇಲ್ಲ. ಮತ್ತ ಮಳಿ ಹಿಡೀತು, ಹಳ್ಳದ ಕಡಿ ತುಂಡು ಬಿತ್ತದ ಹಂಗ ಬಿಟ್ಟು ಬಂದ್ರು. ವಾರಕ್ಕ ಅಲ್ಲೂ ಜ್ವಾಳ ಮೊಳಿತಿತ್ತು... ಗೆರಿ ಕೊರದಂಗ ಸಾಲು."

ಅಕೀಲ ಮೆಲ್ಲಗೆ ಕೇಳಿದ: "ಅಜ್ಜಿ, ಆಮ್ಯಾಲೆ ಯಾವತ್ತರ ಕಂಡಿದ್ನ?"

"ಅವನೊಬ್ಬನ ಯಾಕ? ಇಲ್ಲಿ ಒಬ್ಬೊಬ್ಬರು ಹೋದಂಗ ಅಲ್ಲಿ ಒಬ್ಬೊಬ್ಬರು ಕೂಡಿದ್ರು. ಹೋದ ವರ್ಷ ಭೀಮೇಶ ಆಸ್ಪತ್ರ್ಯಾಗ ಇದ್ದಾಗ ಅವನ ಮೆಕ್ಕಿಜ್ವಾಳದ ತೆನಿ ಮುರಿಯಾಕ ಹೋಗಿದ್ರಲ್ಲ ನೀವು... ನಿಮ್ಮ ಹಿಂದ ಸಾಲು ಹಿಡಿದು ಬರತಿದ್ರು. ನಮ್ಮನಿಯವ್ರೂ ಇದ್ರು. ನೀವು ಹೊಳ್ಳಿ ನೋಡಲಿಲ್ಲ."

ಭೀಮೇಶ್ ಪೆನ್ನು ಕೆಳಗಿಟ್ಟರು. ಹೊರಗೆ ಮಳೆ ಜೋರಾಯಿತು. ಗಾಳೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಮುಚ್ಚತೀವಿ ಅಂದ್ರ ಮುಚ್ಚರಿ. ಸಹಿ ಹಾಕಿದ್ರ ನಿಮ್ಮ ಆಣಿ ಹರೀತು. ಆ ಹನ್ನೊಂದು ಮಂದಿ ಹಾಕಿಲ್ಲಲ್ಲ... ಮಳಿ ಬಿದ್ರ ಅವರು ಹೊಂಡತಾರ. ಇಷ್ಟು ದಿನ ನಿಮ್ಮ ಜೊತಿ ಹೊಲಕ್ಕ ಬರತಿದ್ರು. ಇನ್ನ ಮ್ಯಾಲೆ ಕರಿಯಾಕ ನಿಮ್ಮ ನಿಮ್ಮ ಬಾಗಿಲಿಗೆ ಬರತಾರ."