ನಲ್ಲಿಗೆ ಹೋದ ನೀಲವ್ವ

ಹತ್ತಿ ವ್ಯಾಪಾರದ ಒಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ಈ ಮಠದಲ್ಲಿ ಕೂತ ನಿಮ್ಮಲ್ಲೇ ಕೆಲವರು ಎದ್ದು ಹೋಗ್ತೀರಿ. ಅವನ ಮಗಳು ನೀಲವ್ವ. ತಾಯಿ ತೀರಿಕೊಂಡಾಗ ಅವಳಿಗೆ ಹದಿನಾರು. ‘ದೊಡ್ಡಾಕಿ ಆಗೀಯ, ಅಳಬಾರದು, ತಮ್ಮಂದಿರನ್ನ ನೋಡ್ಕೊ’ ಅಂದರು. ಅಳಲಿಲ್ಲ ನೋಡಿ ಆ ಹುಡುಗಿ. ಒಂದು ಹನಿ ಅಳಲಿಲ್ಲ. ವರ್ಷದೊಳಗೆ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಯಾರೋ ತನ್ನನ್ನ ಬೈತಾರೆ ಅಂತ ಕಿವಿ ಮುಚ್ಚಿಕೊಂಡು ಕೂತಳು.

ಸಾಹುಕಾರ ಏನು ಮಾಡಿದ? ಡಾಕ್ಟರ ಹತ್ತಿರ ಹೋದನೇ? ಇಲ್ಲ. ಮಹಡಿಯ ಕೋಣೆಗೆ ಹಾಕಿ ಚಿಲಕ ಜಡಿದ. ಹಾಸ್ಟೆಲಿನಲ್ಲಿ ಓದ್ತಾಳೆ ಅಂತ ಊರಿಗೆಲ್ಲ ಹೇಳಿದ. ಎರಡು ವರ್ಷ ಹೇಳಿದ.

ಹಬ್ಬಕ್ಕೆ ಬಂದ ಅವನ ಅಕ್ಕ ಮೇಲಿನ ಸದ್ದು ಕೇಳಿ ಬಾಗಿಲು ತೆಗೆದಳು. ಜಡೆಗಟ್ಟಿದ ಕೂದಲು, ಮೂಳೆ ಕಾಣೋ ಮೈ. ‘ಅತ್ತಿ, ಅವ್ವ ಬಂದಳಾ?’ ಅಂದಳು ನೀಲವ್ವ.

ಸಾಹುಕಾರ ಓಡಿ ಬಂದ. ‘ಮರ್ಯಾದಿ ಹೋಗ್ತದ ಅಕ್ಕಾ, ಯಾರಿಗೂ ಹೇಳಬ್ಯಾಡ.’

‘ನನ್ನ ನಿನ್ನ ಹಡೆದವ್ವ ತಾನಾಗೇ ಬಾವಿಗೆ ಹಾರಿದಳು. ಕಾಲು ಜಾರಿ ಬಿದ್ದಳು ಅಂತ ಮೂವತ್ತು ವರ್ಷ ಸುಳ್ಳು ಹೇಳೀವಿ. ನಿನ್ನ ಮರ್ಯಾದಿಗೆ ಇನ್ನೆಷ್ಟು ಹೆಣ ಬೇಕೋ?’ ಅಂದಳು ಅಕ್ಕ.

ಅವತ್ತೇ ತಮ್ಮನನ್ನೂ ಹೊರಡಿಸಿ ನೀಲವ್ವನನ್ನ ಆಸ್ಪತ್ರೆಗೆ ಕರ್ಕೊಂಡು ಹೋದಳು. ಡಾಕ್ಟರು ಎಲ್ಲ ಕೇಳಿದರು. ‘ಈ ಕಾಯಿಲೆ ವಂಶದಲ್ಲಿ ಬಂದಿರಬಹುದು, ಮಾತ್ರೆ ಕೊಡ್ತೀನಿ. ತಾಯಿ ಹೋದ ದುಃಖ ಒಳಗೇ ಕೂತಿದೆ, ಅದನ್ನ ಹೇಳಿಕೊಳ್ಳೋಕೆ ಬಿಡಬೇಕು. ಆದರೆ ಕೂಡಿಹಾಕಿ ಕಾಯಿಲೆ ಹೆಚ್ಚು ಮಾಡಿದೋರು ನೀವು. ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ’ ಅಂದರು.

ಎಂಟು ತಿಂಗಳಿಗೆ ಚೇತರಿಸಿಕೊಂಡಳು. ಒಂದು ಬೆಳಿಗ್ಗೆ ತಲೆ ಬಾಚಿಕೊಂಡು, ಕೊಡ ಹಿಡಿದು, ತಾನಾಗೇ ಓಣಿಯ ನಲ್ಲಿಗೆ ಹೋದಳು. ಆಸ್ಪತ್ರೆಯ ಸುದ್ದಿ ಕೇಳಿದ್ದ ಹೆಂಗಸರು ಕೊಡ ಎತ್ತಿಕೊಂಡು ಹಿಂದೆ ಸರಿದರು. ‘ಹುಚ್ಚಿ ಬಂದಳು’ ಅಂದಳು ಒಬ್ಬಳು. ನೀಲವ್ವ ಖಾಲಿ ಕೊಡ ತಂದಿಟ್ಟಳು. ಆಮೇಲೆ ಹೊಸ್ತಿಲು ದಾಟಿಲ್ಲ. ಈಗ ಅಪ್ಪನೇ ಅಂಗಳದಲ್ಲಿ ನಿಂತು ‘ಬಾರವ್ವ’ ಅಂತ ಕರೀತಾನೆ. ಬರೋದಿಲ್ಲ.

ಸಾಹುಕಾರನನ್ನ ಬೈದು ಸುಮ್ಮನಾಗಬೇಡಿ. ಅವನು ಯಾರಿಗೆ ಹೆದರಿ ಮಗಳನ್ನ ಬಚ್ಚಿಟ್ಟ? ನಿಮಗೆ. ನಿಮ್ಮ ನಾಲಿಗೆಗೆ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗ್ತೀನಿ ಅಂತ ಹತ್ತು ಜನರೆದುರು ಹೇಳ್ತೀರಿ. ಮನಸ್ಸಿನ ಕಾಯಿಲೆಗೆ ಯಾರಾದರೂ ನುಂಗಿದರೆ ಆ ಮನೆಗೆ ಹೆಣ್ಣು ಕೊಡೋದಿಲ್ಲ, ಆ ಮನೆಯಿಂದ ತರೋದಿಲ್ಲ. ಆಮೇಲೆ ಮಠಕ್ಕೆ ಬಂದು ನನಗೆ ಕೈಮುಗೀತೀರಿ. ಆ ಕೈ ನನಗೆ ಬೇಡ.

ಹುಚ್ಚ, ಹುಚ್ಚಿ ಅನ್ನೋದನ್ನ ಇವತ್ತಿಗೆ ಬಿಡಿ, ಹೆಸರು ಹಿಡಿದು ಕರೀರಿ. ಸತ್ತವರ ಮನೇಲಿ ಮಕ್ಕಳಿಗೆ ಅಳಬೇಡ ಅನ್ನಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ. ಮನೇಲಿ ಯಾರನ್ನಾದರೂ ಮುಚ್ಚಿಟ್ಟಿದ್ದರೆ ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಷ್ಟೂ ಆಗದಿದ್ದರೆ ಬರೋ ಸೋಮವಾರ ಈ ಕಡೆ ಬರಬೇಡಿ.