ಅಗಿದ ಮುದ್ದೆ

ಪಾಂಡವಪುರದ ಬಸ್ಸಿನಲ್ಲಿ ನನ್ನ ಮುಂದೆ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡ ಹುಡುಗಿ, ಪಕ್ಕದಲ್ಲಿ ಅವಳ ಅಜ್ಜಿ ಕೂತಿದ್ದರು.

“ದವಡೆ ಹಲ್ಲಿನ ಕ್ಲಿಪ್ಪು ಮತ್ಯಾಕವ್ವ ಕಿತ್ಕಂಡು ಬಂದಿತ್ತು? ಕಬ್ಬು ಕಡುದ್ಯಾ?”

“ಇಲ್ಲ ಕಣಜ್ಜಿ. ಮೆತ್ತಗಿರೋದನ್ನ ನಿಧಾನಕ್ಕೆ ಅಗಿದು ತಿನ್ನು ಅಂದಿದ್ರಲ್ಲ ಡಾಕ್ಟ್ರು, ಅದ್ಕೆ ಮುದ್ದೆನೂ ಅಗಿದೆ.”

“ಅಯ್ಯೋ ಕೂಸೇ! ಮುದ್ದೆನ ಯಾರಾರ ಅಗೀತಾರಾ? ಅಂಟ್ಕಂಡು ಎಳ್ಕಂಡ್ ಬಂದದೆ.”

“ಇವತ್ತು ಎಂಜಲು ತಾಕದಂಗೆ ಹತ್ತಿ ಇಟ್ಟು, ಹಲ್ಲು ಒಣಗಿಸಿ ಅಂಟಿಸವ್ರೆ. ಇದೂ ಕಿತ್ತೋದ್ರೆ ಎಲ್ಲಾ ಬಿಚ್ಚಾಕ್ಬುಡ್ತೀನಿ ಅಂದ್ರು.”

“ಬಿಚ್ಚಾಕ್ಲಿ ಬುಡು. ನಿಮ್ ತಾತಂದೂ ಉಬ್ಬಲ್ಲೇ.”

“ತಾತ ಯಾವತ್ತಾರ ಬಾಯಿಗೆ ಕೈ ಅಡ್ಡ ಇಟ್ಕಂಡು ನಕ್ಕಿದ್ನಾ?”

ಅಜ್ಜಿ ಮೊಮ್ಮಗಳ ಕಡೆ ತಿರುಗಿದರು.

“ನಡಿ ಮನೆಗೆ, ಮುದ್ದೆ ನುಂಗಾದ ಯೋಳ್ಕೊಡ್ತೀನಿ. ಮೈಸೂರಿಂದ ಬಂದ ನಿಮ್ಮವ್ವಂಗೂ ನಾನೇ ಕಲ್ಸಿದ್ದು.”

ಹುಡುಗಿ ನಕ್ಕಳು. ಬಾಯಿಗೆ ಹೊರಟ ಅವಳ ಕೈಯನ್ನು ಅಜ್ಜಿ ಹಿಡಿದುಕೊಂಡರು, ಹಿಡಿದುಕೊಂಡೇ ಬಸ್ಸಿಳಿದರು.