ಎದುರಿಗೇ ಹಾಕಿದ ಒಲೆ

ಮಾಲ್ಲೆಮ್ ಬುಶ್ತಾ ತೂಕಡಿಸಿ ಮದುವೆಮನೆಯ ತಿಂಡಿ ಸುಟ್ಟುಹಾಕಿದರು, ಅದನ್ನ ಕಣ್ಣಾರೆ ನೋಡಿದ್ದ ಆಳನ್ನ, ಅಂದ್ರೆ ನನ್ನನ್ನ, ಅದೇ ಸಂಜೆ ಹೊರಗೆ ಹಾಕಿದರು. ಈ ಓಣಿಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ನಾನು ಹೇಳ್ತಿಲ್ಲ ಸ್ವಾಮಿ, ಓಣಿ ಹೇಳತ್ತೆ! ಹಾಗಾಗಿ ಒಳಗೆ ಬರೋಕೆ ಮುಂಚೆ ನೀವು ಅಷ್ಟು ಹೊತ್ತು ಹೊಸ್ತಿಲಲ್ಲೇ ನಿಂತಿದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ. ಬನ್ನಿ. ಹಿಟ್ಟಿನ ಹಲಗೆ ಅಲ್ಲಿಡಿ. ಅಲ್ಲಲ್ಲ, ಗೋಡೆ ಪಕ್ಕಕ್ಕೆ... ಸಾಲಿನ ಕೊನೆಗೆ. ಇಲ್ಲಿ ಮೊದಲು ಬಂದವರ ಲೆಕ್ಕ, ದೊಡ್ಡವರ ಲೆಕ್ಕ ಇಲ್ಲ. ಈ ನಿಯಮ ನಾನು ಕಲಿತದ್ದು ನಿಮ್ಮ ಹತ್ತಿರವೇ, ಮಾಲ್ಲೆಮ್, ನೀವೇ ನನ್ನ ಗುರು.

ಕೂತ್ಕೊಳ್ಳಿ. ಚಹಾ? ಬೇಡವಾ? ನಿಮ್ಮಿಷ್ಟ.

ಶುಕ್ರವಾರದಿಂದ ಎದುರಿನ ನಿಮ್ಮ ಒಲೆಯ ಚಿಮಣಿಯಲ್ಲಿ ಹೊಗೆ ಇಲ್ಲ. ನೋಡಿದೆ. ದಿನಾ ನೋಡ್ತೀನಿ, ಬೆಳಿಗ್ಗೆ ಎದ್ದು ಮೊದಲು ನೋಡೋದೇ ಅದನ್ನ. ಮೊದಲು ಕಪ್ಪು ಹೊಗೆ, ಆಮೇಲೆ ಬೂದು, ಆಮೇಲೆ ಮುದುಕನ ಉಸಿರಿನ ಹಾಗೆ ಒಂದೆಳೆ... ಈಗ ಅದೂ ಇಲ್ಲ. ನಿಮ್ಮ ಹೆಂಡತಿ ಲಲ್ಲಾ ರುಕಿಯಾ ಮನೆಯಲ್ಲಿ ನಾದಿದ ಹಿಟ್ಟು ಎಲ್ಲಾದರೂ ಬೇಯಲೇಬೇಕಲ್ಲ. ಊರಿನ ಮೇಲಿನ ಬಾಗಿಲ ಹತ್ತಿರ ಇನ್ನೊಂದು ಒಲೆ ಇದೆ. ಮೆಟ್ಟಿಲು ಜಾಸ್ತಿ, ನಿಜ. ಆದರೂ ಅಲ್ಲಿಗೆ ಹೋಗಬಹುದಿತ್ತು. ಇಲ್ಲಿಗೆ ಬಂದಿರಿ.

ಏಳು ವರ್ಷ ಕಾದಿದ್ದೀನಿ ಈ ಒಂದು ಹಲಗೆಗೆ. ಗೊತ್ತಾ ನಿಮಗೆ?

ಏನು ನೋಡ್ತಿದ್ದೀರಿ? ಗುಮ್ಮಟನಾ? ಒಳಗೆಲ್ಲ ಸೆಫ್ರೂ ಕಡೆಯ ಇಟ್ಟಿಗೆ. ನಿಮ್ಮದಕ್ಕಿಂತ ಒಂದು ಗೇಣು ತಗ್ಗು, ಶಾಖ ಬೇಗ ಇಳಿಯಲ್ಲ. ಬಾಗಿಲು ಮಾತ್ರ ನಿಮ್ಮ ಬಾಗಿಲಿಗೆ ನೇರ. ಹದಿನೇಳು ಹೆಜ್ಜೆ. ಇದು ಮುಂಚೆ ಕತ್ತೆಗಳ ಲಾಯ ಆಗಿತ್ತು. ಗೊಬ್ಬರ ಎತ್ತೋಕೇ ಎಂಟು ದಿನ ಹಿಡೀತು. ಎಲ್ಲರೂ ಹೇಳಿದರು, ಥಾಮಿ, ನಿನಗೆ ಹುಚ್ಚಾ? ಕೆಳಗಿನ ಬಾಗಿಲ ಹತ್ತಿರ ಒಂದೂ ಒಲೆ ಇಲ್ಲ, ಹೆಂಗಸರು ರೊಟ್ಟಿ ಬೇಯಿಸ್ಕೊಳ್ಳೋಕೆ ಹಲಗೆ ಹೊತ್ಕೊಂಡು ಅರ್ಧ ಊರು ಸುತ್ತುತ್ತಾರೆ, ಅಲ್ಲಿ ಹಾಕು, ಮೊದಲ ವಾರದಿಂದಲೇ ಹೊಟ್ಟೆ ತುಂಬತ್ತೆ ಅಂತ. ಸರಿಯಾದ ಮಾತು. ಅಲ್ಲಿ ಜಾಗ ನೋಡಿಯೂ ಬಂದೆ. ಒಳ್ಳೇ ಜಾಗ, ಗಾಳಿ, ನೀರು, ಎಲ್ಲ ಇತ್ತು.

ಅಲ್ಲಿಂದ ನಿಮ್ಮ ಚಿಮಣಿ ಕಾಣ್ತಿರಲಿಲ್ಲ.

ಯಾಕೆ ನಗ್ತೀರಿ? ನಗು ಬರೋ ವಿಷಯ ಇನ್ನೊಂದಿದೆ, ಅದನ್ನೂ ಕೇಳಿ. ಸಾಲ ಕೊಡೋ ಕಚೇರಿಯವರು ಒಂದು ತರಬೇತಿ ಇಟ್ಟಿದ್ದರು, ಸ್ವಂತ ಉದ್ಯೋಗ ಶುರು ಮಾಡೋರಿಗೆ. ಹತ್ತು ದಿನ. ಅದನ್ನ ಮುಗಿಸದೆ ಸಾಲ ಇಲ್ಲ. ಕಾಸಾಬ್ಲಾಂಕಾದ ಹುಡುಗಿಯೊಬ್ಬಳು ಪಾಠ ಮಾಡಿದಳು. ಬಿಳೀ ಬೂಟು. ಹಿಟ್ಟು ಅನ್ನೋದನ್ನ ಪೊಟ್ಟಣದಲ್ಲಿ ಮಾತ್ರ ನೋಡಿದ್ದಳು ಅಂತ ಕಾಣತ್ತೆ. ಬೋರ್ಡಿನ ಮಧ್ಯ ಗೆರೆ ಎಳೆದಳು. ಬಲಗಡೆ, ಉದ್ಯೋಗ ಶುರು ಮಾಡೋಕೆ ಸರಿಯಾದ ಕಾರಣಗಳು. ಎಡಗಡೆ, ತಪ್ಪು ಕಾರಣಗಳು. ಕೆಲಸ ಪ್ರೀತಿ, ಜನಕ್ಕೆ ಬೇಕು, ನಿನಗೆ ಅದು ಚೆನ್ನಾಗಿ ಗೊತ್ತು... ಇವೆಲ್ಲ ಬಲಕ್ಕೆ. ಬೇಗ ದುಡ್ಡಾಗಲಿ, ಭಾಮೈದ ನೋಡಿ ಉರ್ಕೊಳ್ಳಲಿ, ಇವೆಲ್ಲ ಎಡಕ್ಕೆ. ಎಡಗಡೆ ಕಟ್ಟಕಡೆಗೆ ಬರೆದಳು, ಹಳೇ ಯಜಮಾನನ ಮೇಲಿನ ಸೇಡು. ಬರೆದು ತಿರುಗಿ ನನ್ನನ್ನೇ ನೋಡಿದಳು. ಆಣೆಗೂ! 'ಸಿಟ್ಟು ಒಂದು ವರ್ಷ ಉರಿಯತ್ತೆ, ಎರಡನೇ ವರ್ಷಕ್ಕೆ ಸೌದೆ ಎಲ್ಲಿಂದ ತರ್ತೀರಿ?' ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದಳು, ನಿಮ್ಮ ಕಾರಣ ಏನು? ನಾನು ಎದ್ದು ನಿಂತೆ. ನಮ್ಮ ಓಣಿಯ ತಾಯಂದಿರು ಬಿಸಿಲಲ್ಲಿ ಕಾಯಬಾರದು ಮೇಡಂ, ಅಂದೆ. ಚಪ್ಪಾಳೆ! ಅವಳ ಕಣ್ಣಲ್ಲಿ ನೀರು, ಮಾಲ್ಲೆಮ್! ನಾಲ್ಕು ವರ್ಷ ತತ್ವಶಾಸ್ತ್ರ ಓದಿದ್ದು ಆ ಒಂದು ದಿನ ಉಪಯೋಗಕ್ಕೆ ಬಂತು. ಉಳಿದಂತೆ ಆ ಪದವಿ ನಿಮ್ಮ ಒಲೆ ಊದೋಕೆ... ಒಂಬತ್ತು ವರ್ಷ. ಬಂದವರಿಗೆಲ್ಲ ನೀವು ತೋರಿಸ್ತಿದ್ದಿರಿ, 'ನೋಡಿ, ಇವನು ನಮ್ಮ ಫಿಲಾಸಫರ್, ಯೂನಿವರ್ಸಿಟಿ ಮುಗಿಸಿದಾನೆ.' ಮಸಿ ಹಿಡಿದ ಮುಖದಲ್ಲಿ ನಾನು ಹಲ್ಲು ಕಿರೀಬೇಕು.

ಹೆಮ್ಮೆಯಿಂದ ಹೇಳ್ತಿದ್ದಿರಾ? ಹಾಗೆ ಕೈ ಆಡಿಸಬೇಡಿ. ಹೆಮ್ಮೆ ಅಂತೆ.

ತಾಳಿ, ರೊಟ್ಟಿ ತೆಗೀತೀನಿ... ಇದು ನೇಕಾರನ ಮನೇದು, ಗುರುತಿಗೆ ಮುಳ್ಳುಚಮಚದ ಎರಡು ಚುಚ್ಚು. ಇದು ಹಜ್ಜಾ ಬತೂಲ್ ಅವರದ್ದು, ಅಂಚಲ್ಲಿ ಚಿವುಟಿದ್ದು. ಅರವತ್ತೆರಡು ಮನೆ, ಒಂದು ರೊಟ್ಟಿ ಇನ್ನೊಂದು ಮನೆಗೆ ಹೋಗಿಲ್ಲ. ನಿಮ್ಮ ಮನೆಯದು ಬಿಡಿ, ಆ ಮೂರು ಗೀರು ನಿದ್ದೆಯಲ್ಲೂ ಗುರುತು ಹಿಡೀತೀನಿ.

ಈಗ ಬೆಂಕಿ ಇಳೀಬೇಕು. ಇನ್ನು ಸಿಹಿ ತಿಂಡಿ ಹೋಗೋದು. ಒಂದು ಚಿಟಿಕೆ ಹಿಟ್ಟು ಎರಚಿ ನೋಡೋದು... ಹಾಂ, ಕಪ್ಪಾಯ್ತು. ಇನ್ನೂ ಬಿಸಿ. ಹೊಂಬಣ್ಣಕ್ಕೆ ತಿರುಗೋವರೆಗೂ ಬಾದಾಮಿ ತಟ್ಟೆ ಒಳಗೆ ಹೋಗಲ್ಲ. ನೋಡಿ ಹೇಗೆ ಕಾಯ್ತೀನಿ! ಈಗ ಯಾವತ್ತೂ ಮರೆಯಲ್ಲ... ಅಂದ್ರೆ, ಯಾವತ್ತೂ ಮರೆತಿಲ್ಲ. ನಾನು ಹೇಳಿದ್ದು ಅದೇ. ಯಾಕೆ ಹಾಗೆ ನೋಡ್ತೀರಿ?

ಓ, ಹಜ್ಜಾ! ಬನ್ನಿ ತಾಯಿ, ಒಳ್ಳೇ ಹೊತ್ತಿಗೆ ಬಂದಿರಿ. ರೊಟ್ಟಿ ಆಗಿದೆ, ಬಿಸಿ ಇದೆ, ಜೋಪಾನ. ಇವರು ಯಾರು ನೋಡಿದಿರಾ? ಹೌದು, ಅವರೇ! ಮಾಲ್ಲೆಮ್ ಬುಶ್ತಾ! ನಮ್ಮಲ್ಲಿಗೆ, ಹಲಗೆ ಹೊತ್ಕೊಂಡು! ಮೂವತ್ತು ವರ್ಷ ಈ ಓಣಿ ಇವರ ಬಾಗಿಲಲ್ಲಿ ಸಾಲು ನಿಂತಿತ್ತು, ಇವತ್ತು ಇವರೇ ಸಾಲಲ್ಲಿ. ನಿಮ್ಮ ಮಗಳ ಮದುವೆ ತಿಂಡಿ, ಹಜ್ಜಾ... ನೆನಪಿದೆಯಲ್ಲ? ಆರು ತಟ್ಟೆ. ಬಾದಾಮಿ ಅರೆದಿದ್ದು ನೀವೇ, ಮೂರು ದಿನ. ಇದ್ದಿಲಾಗಿ ಹೊರಗೆ ಬಂತು. ನೀವು ಅಲ್ಲಿ ಕಟ್ಟೆ ಮೇಲೆ ಕೂತು ಅತ್ತಿರಿ. ಇವರು ಎಲ್ಲರ ಮುಂದೆ ಏನಂದರು? 'ತಪ್ಪು ನನ್ನದು ಹಜ್ಜಾ, ಕಣ್ಣು ಹತ್ತಿಬಿಡ್ತು.' ಇವರ ಬಾಯಿಂದಲೇ ಬಂದ ಮಾತು! ಇವರ ಮನೆ ಹಿಟ್ಟು, ಇವರ ಮನೆ ಬೆಣ್ಣೆ, ಲಲ್ಲಾ ರುಕಿಯಾ ರಾತ್ರಿಯಿಡೀ ಕೂತು ಹೊಸದಾಗಿ ಮಾಡಿಕೊಟ್ಟರು. ಅದೂ ನಿಜ, ಇಲ್ಲ ಅನ್ನಲ್ಲ. ಆದರೆ ಅದೇ ಸಂಜೆ ನನ್ನ ಗತಿ ಏನಾಯ್ತು?

ಹೇಳಿ ಮಾಲ್ಲೆಮ್. ನೀವೇ ಹೇಳಿ ಹಜ್ಜಾಗೆ. ನಾನು ಹಮ್ಮಾಮಿನ ಬಿಸಿನೀರಲ್ಲಿ ಕೂತು ಹೇಳಿದೆ, ಕಟಿಂಗ್ ಅಂಗಡಿಯಲ್ಲಿ ಹೇಳಿದೆ, ಮಸೀದಿ ಮೆಟ್ಟಿಲ ಮೇಲೆ ಹೇಳಿದೆ. ನೀವು ಒಂದೇ ಒಂದು ಸಲ ಬಾಯಿ ಬಿಟ್ಟಿಲ್ಲ. ಇವತ್ತು ಸರಿಯಾದ ಸಾಕ್ಷಿ ಎದುರಿಗೇ ಇದೆ. ಹೇಳಿ!

...

ಹೇಳಲ್ವಾ?

ಹಜ್ಜಾ, ನಿಲ್ಲಿ, ಒಂದು ನಿಮಿಷ. ಇವರು ಈಗ ಹೇಳ್ತಾರೆ. ನಾಲಿಗೆ ಇದೆ ಇವರಿಗೆ, ನನಗೆ ಗೊತ್ತು, ಬೆಂಕಿ ಜೊತೆ ದಿನವಿಡೀ ಮಾತಾಡ್ತಿದ್ದರು.

ನೆಲ ನೋಡ್ತಾರೆ. ಸರಿ. ನೆಲ ನೋಡಿ. ನಿಮ್ಮ ಹಲಗೆ ಇತ್ತ ಕೊಡಿ. ನಾನೇ ಬೇಯಿಸಿ ಕೊಡ್ತೀನಿ, ನನ್ನ ಕೈಯಾರೆ, ನಿಮ್ಮ ಕಣ್ಣೆದುರಿಗೇ. ಸಾಲೂ ಬೇಡ, ಏನೂ ಬೇಡ. ಥಾಮಿ ಬೇಯಿಸಿದ ರೊಟ್ಟಿ ತಿನ್ನಿ ಇವತ್ತು, ಒಂದೊಂದು ತುತ್ತಿಗೂ ನನ್ನ ಹೆಸರು...

ಇದೇನು?

ಮನೆಯಲ್ಲಿ ಇರೋರು ಇಬ್ಬರು. ನಿಮ್ಮದು ಮೂರು ರೊಟ್ಟಿ. ಯಾವತ್ತೂ ಮೂರೇ. ಇದು ನಾಲ್ಕನೇದು. ಗೀರು ಇಲ್ಲ ಇದಕ್ಕೆ. ನಡುವೆ ಹೆಬ್ಬೆಟ್ಟಿನ ಗುಳಿ.

ಇದು... ಇದು ಆಳಿನ ರೊಟ್ಟಿ. ನನ್ನ ಗುರುತು ಇದು. ಮಧ್ಯಾಹ್ನಕ್ಕೆ ನನಗೆ ಅಂತ ಲಲ್ಲಾ ಒಂದು ಜಾಸ್ತಿ ತಟ್ಟಿ ಕಳಿಸ್ತಿದ್ದರು. ಬೇರೆಯವರದ್ದರ ಜೊತೆ ಸೇರದೆ ಇರಲಿ ಅಂತ ಹೆಬ್ಬೆಟ್ಟು ಒತ್ತಿ.

ಇವತ್ತು ಮಾತ್ರ ಮಾಡಿದ್ದಲ್ವಾ? ನನ್ನ ಒಲೆಗೆ ಬರ್ತೀರಿ ಅಂತ... ಒಂಥರಾ ಲಂಚ? ತಲೆ ಅಲ್ಲಾಡಿಸ್ತೀರಿ. ಹಾಗಾದ್ರೆ ದಿನಾ? ಏಳು ವರ್ಷ ದಿನಾ? ಯಾರು ತಿಂತಿದ್ದರು ಇದನ್ನ?! ನನ್ನ ಒಲೆ ಹದಿನೇಳು ಹೆಜ್ಜೆ ದೂರ, ನಿಮ್ಮ ಗಿರಾಕಿ ಒಬ್ಬೊಬ್ಬರನ್ನೇ ಕಿತ್ಕೊಂಡೆ, ನಿಮ್ಮ ಬೆಂಕಿ ಆರೋದನ್ನ ನೋಡ್ತಾ ಚಹಾ ಕುಡಿದೆ, ಆ ಹೆಂಗಸು ಮನೆಯಲ್ಲಿ ಕೂತು ಹಿಟ್ಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದಳಾ?

ಬೈರಿ ನನ್ನನ್ನ! ಒಂದು ಸಲ ಬೈದುಬಿಡಿ ಮಾರಾಯರೇ! ಹಜ್ಜಾ ನಿಂತಿದ್ದಾರೆ, ಬಾಗಿಲು ತೆಗೆದಿದೆ, ಓಣಿಗೆಲ್ಲ ಕೇಳತ್ತೆ. ನಿಮ್ಮ ಒಂದು ಮಾತಿಗೆ ನಾಳೆ ಇಲ್ಲಿ ಒಂದು ಹಲಗೆ ಬರಲ್ಲ. ನಾನು ಮತ್ತೆ ಕತ್ತೆ ಲಾಯ ತೊಳೀಬೇಕು. ಗೊತ್ತಿದ್ದೂ ಸುಮ್ಮನೆ ಕೂತಿದ್ದೀರಿ... ಮತ್ತೆ ಅದೇ! ಅವತ್ತು ಮಾಡಿದ್ದನ್ನೇ ಇವತ್ತೂ ಮಾಡ್ತಿದ್ದೀರಿ! ಯಾರು ಕೇಳಿದ್ದರು ನಿಮ್ಮನ್ನ? ನನ್ನ ತಪ್ಪನ್ನ ನನ್ನ ಕೈಯಿಂದ ಕಿತ್ಕೊಳ್ಳೋಕೆ ನೀವ್ಯಾರು? ಹೊಡೆದಿದ್ದರೆ ಮರೆತುಬಿಡ್ತಿದ್ದೆ. ಓಡಿಸಿದ್ದರೆ ಕೆಳಗಿನ ಬಾಗಿಲ ಹತ್ತಿರ ಒಲೆ ಹಾಕ್ಕೊಂಡು ಸುಖವಾಗಿರ್ತಿದ್ದೆ. ನೀವು ಮಾಡಿದ್ದು ಅದಕ್ಕಿಂತ ಕೆಟ್ಟದ್ದು... ಅದನ್ನ ಹೊತ್ಕೊಂಡು ಮನುಷ್ಯ ಹೇಗೆ ಓಡಾಡೋದು?

ಹೋಗಬೇಡಿ ಹಜ್ಜಾ. ರೊಟ್ಟಿ ಕೆಳಗಿಡಿ. ಇವರು ಹೇಳಲ್ಲ, ಸಾಯೋವರೆಗೂ ಹೇಳಲ್ಲ. ಕೇಳಿ. ಅವತ್ತು ಮಾಲ್ಲೆಮ್ ನಿದ್ದೆ ಮಾಡಿರಲಿಲ್ಲ, ನಮಾಜಿಗೆ ಹೋಗಿದ್ದರು. ಮೇಷ್ಟ್ರ ಕೆಲಸದ ಪರೀಕ್ಷೆಯಲ್ಲಿ ಪಾಸಾದವರ ಪಟ್ಟಿ ಪೇಪರಲ್ಲಿ ಬಂದಿತ್ತು, ನನ್ನ ಹೆಸರು ಹುಡುಕ್ತಾ ಹಿಟ್ಟು ಎರಚದೆ ಆರು ತಟ್ಟೆಯನ್ನೂ ಒಳಗೆ ತಳ್ಳಿದೆ. ನಾನು.

ಸಂಜೆ ಇವರು ನನ್ನನ್ನ ಹೊರಗೆ ಹಾಕಲಿಲ್ಲ, ನಾನೇ ಬಿಟ್ಟು ಹೋದೆ. 'ನನಗೆ ವಯಸ್ಸಾಯ್ತು, ನಾಳೆಯಿಂದ ಒಲೆ ನಿನ್ನದು' ಅಂತ ನನ್ನ ಕೈಯಲ್ಲಿ ಕೀಲಿ ಇಟ್ಟರು.